ಮನೆಮಂದಿ ಜೊತೆ ಫೀಲ್ಡ್‌ವರ್ಕ್: ಬೇರೆ ದೇಶದ ಜನರ ನಡುವೆ ಸಂಶೋಧನೆ ಹೇಗೆ ನಡೆಯುತ್ತದೆ?

ಪಿಎಚ್‌ಡಿಗೋ, ಅದರ ನಂತರದ ಸಂಶೋಧನೆಗೋ ಒಂದು ಫೆಲೋಶಿಪ್ ಸಿಗುತ್ತದೆ ಅಂತಿಟ್ಟುಕೊಳ್ಳಿ. ಬೇರೆ ದೇಶದ ಒಂದು ಊರಿನಲ್ಲಿ ವರ್ಷ ಕಾಲ ಇರಬೇಕು. ಅಲ್ಲಿನ ಜನ ಹೇಗೆ ಬದುಕುತ್ತಾರೆ ಅಂತ ಹತ್ತಿರದಿಂದ ನೋಡಿ ಬರೆಯಬೇಕು. ಸುದ್ದಿ ಕೇಳಿ ಮನೆಯವರೆಲ್ಲ ಖುಷಿಪಡುತ್ತಾರೆ. ಮಾರನೇ ದಿನ ಪ್ರಶ್ನೆಗಳು ಶುರು. ಮಗುವಿನ ಶಾಲೆ ಏನಾಗುತ್ತದೆ? ಸಂಗಾತಿಯ ಕೆಲಸ? ಅಲ್ಲಿ ಜ್ವರ ಬಂದರೆ ಯಾರ ಹತ್ತಿರ ಹೋಗುವುದು? ಅಷ್ಟಕ್ಕೂ ಎಲ್ಲರನ್ನೂ ಕಟ್ಟಿಕೊಂಡು ಹೋದರೆ ಸಂಶೋಧನೆ ನಡೆಯುತ್ತದಾ?

ಇವೆಲ್ಲ ಮನೆಯ ಸಮಸ್ಯೆಗಳು, ಸಂಶೋಧನೆಯೇ ಬೇರೆ ಅಂತ ಅಂದುಕೊಳ್ಳುವುದು ಸಹಜ. ವಿಶ್ವವಿದ್ಯಾಲಯಗಳೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದವು. ಆದರೆ ಮನೆಮಂದಿ ಜೊತೆಗಿದ್ದಾರಾ ಇಲ್ಲವಾ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಸಂಶೋಧಕರಿಗೆ ಯಾರು ಬಾಗಿಲು ತೆರೆಯುತ್ತಾರೆ, ಏನು ಹೇಳುತ್ತಾರೆ, ಯಾವುದನ್ನು ಮುಚ್ಚಿಡುತ್ತಾರೆ ಎಲ್ಲವೂ ಅದರಿಂದ ಬದಲಾಗುತ್ತದೆ. ಹೇಗೆ ಅಂತ ಮೊದಲಿನಿಂದ ನೋಡೋಣ.

## ಫೀಲ್ಡ್‌ವರ್ಕ್ ಅಂದರೆ ಏನು?

ಸಮಾಜ ವಿಜ್ಞಾನಕ್ಕೆ ಬೇಕಾದ ಮಾಹಿತಿ ಹಲವು ದಾರಿಗಳಲ್ಲಿ ಸಿಗುತ್ತದೆ. ಜನಗಣತಿಯ ಅಂಕಿಅಂಶ ಓದಬಹುದು. ಪ್ರಶ್ನಾವಳಿ ಹಂಚಬಹುದು. ಹಳೇ ದಾಖಲೆ ಹುಡುಕಬಹುದು. ಇವು ಸಾಲದು ಅನ್ನಿಸಿದಾಗ ಸಂಶೋಧಕರು ಜನ ಇರುವಲ್ಲಿಗೇ ಹೋಗುತ್ತಾರೆ. ಅದೇ ಫೀಲ್ಡ್‌ವರ್ಕ್, ಪಠ್ಯಪುಸ್ತಕದ ಮಾತಿನಲ್ಲಿ ಕ್ಷೇತ್ರಕಾರ್ಯ. ಮಾನವಶಾಸ್ತ್ರದವರು, ಅಂದರೆ ಜನರ ಬದುಕು, ಸಂಸ್ಕೃತಿ ಅಧ್ಯಯನ ಮಾಡುವವರು, ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಸಂಶೋಧಕರು ಅಲ್ಲೇ ಮನೆ ಮಾಡಿ, ಅಲ್ಲಿನ ಭಾಷೆ ಕಲಿತು, ಹೊಲದ ಕೆಲಸ, ಸಂತೆ, ಮದುವೆ, ಸಾವು ಎಲ್ಲದರಲ್ಲೂ ಪಾಲ್ಗೊಳ್ಳುತ್ತಾ ಗಮನಿಸುತ್ತಾರೆ. ಇದಕ್ಕೆ ಸಹಭಾಗಿ ಅವಲೋಕನ ಅನ್ನುತ್ತಾರೆ.

ಇಷ್ಟು ದಿನ ಯಾಕೆ ಬೇಕು? ಹೊಸ ಬಡಾವಣೆಗೆ ಬಾಡಿಗೆಗೆ ಬಂದವರನ್ನು ನೆನೆಸಿಕೊಳ್ಳಿ. ನೀರು ಬಿಡುವ ಹೊತ್ತು, ಕಸದ ಗಾಡಿ ಬರುವ ದಿನ ಮೊದಲ ದಿನವೇ ಗೊತ್ತಾಗುತ್ತದೆ, ಯಾರನ್ನು ಕೇಳಿದರೂ ಹೇಳುತ್ತಾರೆ. ಯಾವ ಎರಡು ಮನೆಗಳ ನಡುವೆ ಮಾತಿಲ್ಲ, ಯಾರಿಗೆ ಕಷ್ಟ ಬಂದರೆ ಯಾರು ಓಡಿ ಬರುತ್ತಾರೆ ಅನ್ನುವುದು ಗೊತ್ತಾಗಲು ತಿಂಗಳುಗಳು ಬೇಕು. ಅದನ್ನು ಕೇಳಿದರೆ ಯಾರೂ ಹೇಳುವುದಿಲ್ಲ, ಜೊತೆಗಿದ್ದರೆ ಕಾಣುತ್ತದೆ. ಫೀಲ್ಡ್‌ವರ್ಕ್ ಹುಡುಕುವುದು ಈ ಎರಡನೇ ಬಗೆಯ ತಿಳಿವಳಿಕೆಯನ್ನು. ಬೇಸಾಯವನ್ನು ನಂಬಿದ ಊರಾದರೆ ಬಿತ್ತನೆಯಿಂದ ಸುಗ್ಗಿವರೆಗೆ ಇಡೀ ಚಕ್ರ ನೋಡಬೇಕು. ವರ್ಷ ಬೇಕು ಅನ್ನುವ ಲೆಕ್ಕಕ್ಕೆ ಅದೂ ಒಂದು ಕಾರಣ.

## ಒಂಟಿ ಸಂಶೋಧಕನ ಕತೆ

ಈ ಪದ್ಧತಿಗೆ ಗಟ್ಟಿ ರೂಪ ಕೊಟ್ಟವರು ಅಂತ ಸಾಮಾನ್ಯವಾಗಿ ಹೆಸರಿಸುವುದು ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್ಸ್ಕಿಯನ್ನು. 1915ರಿಂದ 1918ರ ನಡುವೆ ಎರಡು ಅವಧಿಗಳಲ್ಲಿ ಅವರು ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದರು. ಊರಿನ ನಡುವೆಯೇ ಡೇರೆ ಹಾಕಿಕೊಂಡು, ಅಲ್ಲಿನ ಭಾಷೆಯಲ್ಲೇ ಮಾತಾಡಿ ಕೆಲಸ ಮಾಡಿದರು. 1922ರಲ್ಲಿ ಬಂದ ಅವರ ಪುಸ್ತಕ ಮುಂದಿನ ತಲೆಮಾರುಗಳಿಗೆ ಮಾದರಿಯಾಯಿತು. ತನ್ನವರನ್ನೆಲ್ಲ ಬಿಟ್ಟು ದೂರದ ದ್ವೀಪದಲ್ಲಿ ಒಬ್ಬನೇ ಇದ್ದು ಬರುವ ಪಂಡಿತ ಅನ್ನುವ ಚಿತ್ರ ಅಲ್ಲಿಂದ ನಿಂತುಬಿಟ್ಟಿತು.

ಮಲಿನೋವ್ಸ್ಕಿ ತೀರಿಕೊಂಡ ಮೇಲೆ, 1967ರಲ್ಲಿ, ಅವರ ಖಾಸಗಿ ದಿನಚರಿ ಅಚ್ಚಾಯಿತು. ಅದರಲ್ಲಿ ಬೇಸರವಿತ್ತು, ಸಿಡುಕಿತ್ತು, ದ್ವೀಪದ ಜನರ ಮೇಲಿನ ಒರಟು ಮಾತುಗಳಿದ್ದವು. ಮುಂದೆ 1919ರಲ್ಲಿ ಮದುವೆಯಾಗಲಿದ್ದ ಎಲ್ಸಿ ಮ್ಯಾಸನ್‌ಗಾಗಿ ಹಂಬಲವೂ ತುಂಬಿತ್ತು. ತನ್ನವರು ಪಕ್ಕದಲ್ಲಿ ಇಲ್ಲದಿದ್ದರೂ ಮನಸ್ಸಿನಲ್ಲಿ ಇದ್ದೇ ಇದ್ದರು ಅಂತಾಯಿತು.

ಎಲ್ಲರೂ ಒಂಟಿಯಾಗಿ ಹೋಗುತ್ತಿದ್ದರು ಅನ್ನುವುದೂ ನಿಜವಲ್ಲ. ಮಾನವಶಾಸ್ತ್ರಜ್ಞರಾದ ಗ್ರೆಗರಿ ಬೇಟ್ಸನ್ ಮತ್ತು ಮಾರ್ಗರೆಟ್ ಮೀಡ್ 1936ರಲ್ಲಿ ಮದುವೆಯಾಗಿ ನೇರವಾಗಿ ಬಾಲಿಗೆ ಹೋದರು. ಬೇಟ್ಸನ್ ಫೋಟೊ ತೆಗೆದರೆ ಮೀಡ್ ಟಿಪ್ಪಣಿ ಬರೆಯುವುದು. ವಿಕ್ಟರ್ ಟರ್ನರ್ ಆಫ್ರಿಕಾದ ಎನ್‌ಡೆಂಬು ಜನರ ಆಚರಣೆಗಳ ಬಗ್ಗೆ ಬರೆದು ಹೆಸರಾದವರು. 1950ರ ದಶಕದ ಮೊದಲ ವರ್ಷಗಳಲ್ಲಿ, ಈಗಿನ ಜಾಂಬಿಯಾದ ಆ ಊರುಗಳಲ್ಲಿ, ಹೆಂಡತಿ ಎಡಿತ್ ಮತ್ತು ಮಕ್ಕಳು ಅವರ ಜೊತೆಗಿದ್ದರು. ಹೆಂಗಸರ ಆಚರಣೆಗಳಲ್ಲಿ ಎಡಿತ್ ಪಾಲ್ಗೊಂಡರು, ಟಿಪ್ಪಣಿಗೂ ಫೋಟೊಗೂ ಕೈಜೋಡಿಸಿದರು. ಹೆಸರು ಮಾತ್ರ ಗಂಡನದು. 1983ರಲ್ಲಿ ವಿಕ್ಟರ್ ತೀರಿಕೊಂಡ ನಂತರವೇ ಎಡಿತ್ ತಮ್ಮದೇ ಪುಸ್ತಕಗಳಿಂದ ಮಾನವಶಾಸ್ತ್ರಜ್ಞೆಯಾಗಿ ಗುರುತಾದದ್ದು.

ಅಂದರೆ ಮನೆಮಂದಿ ಮೊದಲಿನಿಂದಲೂ ಹೋಗುತ್ತಿದ್ದರು, ಪುಸ್ತಕದಲ್ಲಿ ಕಾಣುತ್ತಿರಲಿಲ್ಲ ಅಷ್ಟೇ. ಹೆಚ್ಚೆಂದರೆ ಮುನ್ನುಡಿಯ ಕೊನೆಯಲ್ಲಿ ಹೆಂಡತಿಗೆ ಒಂದು ಸಾಲಿನ ಕೃತಜ್ಞತೆ. 1980ರ ದಶಕದಲ್ಲಿ ಇದು ಬದಲಾಯಿತು. ಬರೆಯುವವರು ತಾವು ಯಾರು, ಎಲ್ಲಿ ನಿಂತು ನೋಡಿದೆವು ಅಂತ ಓದುಗರಿಗೆ ಹೇಳಲೇಬೇಕು ಅನ್ನುವ ಒತ್ತಾಯ ಬಂತು. ಅಮೆರಿಕದಲ್ಲಿ 1987ರಲ್ಲಿ ಕ್ಷೇತ್ರದಲ್ಲಿದ್ದ ಮಕ್ಕಳ ಬಗ್ಗೆಯೇ ಪ್ರಬಂಧ ಸಂಕಲನಗಳು ಹೊರಬಂದವು.

## ಊರಿನವರಿಗೆ ನೀವು ಯಾರು?

ಒಬ್ಬ ಅಪರಿಚಿತ ಊರಿಗೆ ಬಂದು ಎಲ್ಲರನ್ನೂ ಪ್ರಶ್ನೆ ಕೇಳುತ್ತಾ ತಿರುಗಿದರೆ ಜನ ಏನಂದುಕೊಳ್ಳಬೇಕು? ತೆರಿಗೆಯವನಾ, ಧರ್ಮ ಪ್ರಚಾರಕನಾ, ಗೂಢಚಾರನಾ? ಫೀಲ್ಡ್‌ವರ್ಕ್‌ನ ಮೊದಲ ತಿಂಗಳುಗಳು ಹೆಚ್ಚಾಗಿ ಈ ಅನುಮಾನ ಕಳೆಯುವುದರಲ್ಲೇ ಹೋಗುತ್ತವೆ. ಸಂಶೋಧಕ ಅನ್ನುವ ಪಾತ್ರ ಹೆಚ್ಚಿನ ಊರುಗಳಲ್ಲಿ ಯಾರಿಗೂ ಪರಿಚಯವಿಲ್ಲ. ಅಪ್ಪ, ಅಮ್ಮ, ಗಂಡ, ಹೆಂಡತಿ, ಅತ್ತೆ ಅನ್ನುವ ಪಾತ್ರಗಳು ಎಲ್ಲರಿಗೂ ಗೊತ್ತು. ಮಗು ಎತ್ತಿಕೊಂಡು ಬಂದವರಿಗೆ ಒಂದು ಜಾಗ ತಾನಾಗಿ ಸಿಕ್ಕಿಬಿಡುತ್ತದೆ. ಮಗುವಿಗೆ ಎಷ್ಟು ತಿಂಗಳು, ರಾತ್ರಿ ಸರಿಯಾಗಿ ಮಲಗುತ್ತದಾ ಅಂತ ಅವರೇ ಮಾತು ಶುರು ಮಾಡುತ್ತಾರೆ. ಪ್ರಶ್ನೆ ಕೇಳುವ ಸರದಿ ಊರಿನವರದಾಗುತ್ತದೆ. ಅದರಿಂದ ಸಂಬಂಧ ಸ್ವಲ್ಪ ಸಮವಾಗುತ್ತದೆ.

ಬಾಲಿಯಲ್ಲಂತೂ ಅನೇಕ ಕಡೆ ಮಕ್ಕಳಾದ ಮೇಲೆ ದೊಡ್ಡವರನ್ನು ಇಂಥವರ ಅಪ್ಪ, ಇಂಥವರ ಅಮ್ಮ ಅಂತಲೇ ಕರೆಯುವ ರೂಢಿಯಿದೆ. ಅಂಥ ಕಡೆ ಮಗು ಇರುವುದು ಇಲ್ಲದಿರುವುದು ನಿಮ್ಮ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ.

ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಜಾಗಗಳಿರುವ ಸಮಾಜದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 1956ರಲ್ಲಿ ಎಲಿಜಬೆತ್ ಫರ್ನಿಯಾ ಹೊಸದಾಗಿ ಮದುವೆಯಾಗಿ ದಕ್ಷಿಣ ಇರಾಕ್‌ನ ಒಂದು ಊರಿಗೆ ಹೋದರು. ಸಂಶೋಧನೆ ಗಂಡ ರಾಬರ್ಟ್ ಅವರದು, ನೀರಾವರಿ ಮತ್ತು ಬುಡಕಟ್ಟಿನ ಅಧಿಕಾರದ ಬಗ್ಗೆ. ಹೆಂಗಸರಿರುವ ಕಡೆಗೆ ರಾಬರ್ಟ್ ಕಾಲಿಡುವ ಹಾಗಿರಲಿಲ್ಲ. ಎಲಿಜಬೆತ್ ಮೈ ಮುಚ್ಚುವ ಅಬಾಯಾ ಹಾಕಿಕೊಂಡು ಅಲ್ಲಿಗೆ ಹೋಗಿ ಬಂದರು. ಅವರಿಗೆ ಮಾನವಶಾಸ್ತ್ರದ ತರಬೇತಿ ಇರಲಿಲ್ಲ. ಆದರೂ ಆ ಎರಡು ವರ್ಷಗಳ ಬಗ್ಗೆ ಅವರು ಬರೆದದ್ದನ್ನು ಇವತ್ತಿಗೂ ಮಾನವಶಾಸ್ತ್ರದ ತರಗತಿಗಳಲ್ಲಿ ಓದುತ್ತಾರೆ. ಅಲ್ಲಿನ ಹೆಂಗಸರು ಅವರನ್ನು ಕಂಡು ಮರುಗುತ್ತಿದ್ದರಂತೆ. ಮಕ್ಕಳಿಲ್ಲ, ತಾಯಿ ಹತ್ತಿರ ಇಲ್ಲ, ಮೈಯಲ್ಲಿ ಮಾಂಸವಿಲ್ಲ, ಪಾಪ ಅಂತ. ಆ ಮರುಕದಿಂದಲೇ ಆ ಹೆಂಗಸರಿಗೆ ಯಾವುದು ಮುಖ್ಯ ಅಂತ ತಿಳಿಯುತ್ತದೆ, ಅಲ್ವಾ?

ಒಂಟಿಯಾಗಿ ಹೋದವರಿಗೆ ಈ ತಾಪತ್ರಯ ಇಲ್ಲ ಅಂದುಕೊಳ್ಳಬೇಡಿ. ಮಾನವಶಾಸ್ತ್ರಜ್ಞೆ ಜೀನ್ ಬ್ರಿಗ್ಸ್ 1963ರಲ್ಲಿ ಕೆನಡಾದ ಉತ್ತರ ತುದಿಯ ಮೂಲನಿವಾಸಿಗಳಾದ ಇನ್ಯುಟ್ ಜನರ ಗುಂಪೊಂದರ ಬಳಿ ಹೋದರು. ಜನ ಅವರಿಗೆ ಒಂದು ಕುಟುಂಬವನ್ನೇ ಕೊಟ್ಟರು, ಒಂದು ಮನೆಯ ಮಗಳಾಗಿ ಇಟ್ಟುಕೊಂಡರು. ಮಗಳಾದ ಮೇಲೆ ಮಗಳ ಹಾಗೆ ಇರಬೇಕಲ್ಲ. ಸಿಟ್ಟು ತೋರಿಸಬಾರದು, ಹೇಳಿದ್ದು ಕೇಳಬೇಕು. ಹೊರಗಿನಿಂದ ಮೀನು ಹಿಡಿಯಲು ಬಂದವರ ಮೇಲೆ ಬ್ರಿಗ್ಸ್ ಒಮ್ಮೆ ಬಹಿರಂಗವಾಗಿ ರೇಗಿದರು. ಅದಾದ ಮೇಲೆ ತಿಂಗಳುಗಟ್ಟಲೆ ಜನ ಅವರನ್ನು ದೂರವಿಟ್ಟರು. ನೀವು ಕುಟುಂಬ ಕರೆದುಕೊಂಡು ಹೋಗದಿದ್ದರೆ ಊರೇ ನಿಮ್ಮನ್ನು ಯಾವುದಾದರೂ ಕುಟುಂಬದೊಳಗೆ ಕೂರಿಸಬಹುದು.

## ಮಕ್ಕಳಿಂದ ಗೊತ್ತಾಗುವುದು

ಒಂದು ಸಮಾಜದ ನಿಯಮಗಳು ಹೆಚ್ಚಾಗಿ ಯಾರ ಬಾಯಲ್ಲೂ ಇರುವುದಿಲ್ಲ. ಅವು ಮುರಿದಾಗ ಕಾಣುತ್ತವೆ. ದೊಡ್ಡವರು ಹುಷಾರಾಗಿರುತ್ತಾರೆ, ಮುರಿಯುವುದು ಕಡಿಮೆ. ಮಕ್ಕಳು ದಿನಕ್ಕೆ ಹತ್ತು ಸಲ ಮುರಿಯುತ್ತಾರೆ. ಎಡಗೈಯಲ್ಲಿ ಕೊಡುತ್ತಾರೆ, ಕೂರಬಾರದ ಕಡೆ ಕೂರುತ್ತಾರೆ, ಹಿರಿಯರಿಗಿಂತ ಮೊದಲು ಊಟಕ್ಕೆ ಕೈ ಹಾಕುತ್ತಾರೆ. ಊರಿನವರು ನಕ್ಕು ತಿದ್ದುತ್ತಾರೆ. ದೊಡ್ಡವರು ಅದೇ ತಪ್ಪು ಮಾಡಿದ್ದರೆ ಮುಖ ಗಂಟಿಕ್ಕಿ ಸುಮ್ನೆ ಇರುತ್ತಿದ್ದರು, ಸಂಶೋಧಕರಿಗೆ ತಪ್ಪಾಗಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಇನ್ನೂ ಆಳದ ಬದಲಾವಣೆ ಪ್ರಶ್ನೆಗಳಲ್ಲಿ ಆಗುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞೆ ಆಲ್ಮಾ ಗಾಟ್ಲೀಬ್ 1979ರಲ್ಲಿ ಮೊದಲ ಬಾರಿ ಐವರಿ ಕೋಸ್ಟ್‌ನ ಬೆಂಗ್ ಜನರ ಊರಿಗೆ ಹೋದಾಗ ಅವರಿಗೆ ಮಕ್ಕಳಿರಲಿಲ್ಲ. ಜೊತೆಗೆ ಬರಹಗಾರರಾದ ಗಂಡ ಇದ್ದರು. 1993ರಲ್ಲಿ ಮತ್ತೆ ಹೋದಾಗ 6 ವರ್ಷದ ಮಗನೂ ಇದ್ದ. ಆ ಹೊತ್ತಿಗೆ ಅವರ ವಿಷಯ ಹಸುಗೂಸುಗಳಾಗಿತ್ತು. ಬೆಂಗ್ ಜನರ ನಂಬಿಕೆಯಲ್ಲಿ ಹುಟ್ಟುವ ಪ್ರತಿ ಮಗುವೂ ಪೂರ್ವಜರ ಲೋಕದಿಂದ ಬರುತ್ತದೆ. ಆ ಲೋಕದ ನೆನಪು ಮಗುವಿಗೆ ಕೆಲವು ವರ್ಷ ಉಳಿದಿರುತ್ತದೆ. ಈ ಹುಡುಗನಿಗೂ ಊರಿನವರು ಗೌರವದ ಒಬ್ಬ ಪೂರ್ವಜರ ಹೆಸರಿಟ್ಟರು. ನಂಬಿಕೆಯ ಬಗ್ಗೆ ಹತ್ತು ಸಂದರ್ಶನ ಮಾಡುವುದು ಬೇರೆ, ಅದೇ ನಂಬಿಕೆ ನಿಮ್ಮ ಮಗನನ್ನೇ ಒಳಗೆ ಕರೆದುಕೊಳ್ಳುವುದು ಬೇರೆ.

ಇನ್ನೊಬ್ಬ ಮಾನವಶಾಸ್ತ್ರಜ್ಞೆ ಕ್ಯಾರೊಲ್ ಸ್ಟ್ಯಾಕ್ ಅವರದು ಹೊರದೇಶದ ಕೆಲಸವಲ್ಲ. 1960ರ ದಶಕದ ಕೊನೆಯಲ್ಲಿ ಅವರು ಅಮೆರಿಕದ್ದೇ ಬಡ ಕಪ್ಪು ಜನರ ಒಂದು ಬಡಾವಣೆಯಲ್ಲಿ ಕೆಲಸ ಮಾಡಿದರು. ಆದರೆ ಬಿಳಿಯ ಸಂಶೋಧಕಿಗೆ ಅದು ಬೇರೆ ಲೋಕವೇ. ಅಲ್ಲಿನ ಮನೆಗಳು ಬಟ್ಟೆ, ಹಣ, ಊಟ ಹಂಚಿಕೊಳ್ಳುವ ಹಾಗೆಯೇ ಮಕ್ಕಳನ್ನು ನೋಡಿಕೊಳ್ಳುವುದನ್ನೂ ಹಂಚಿಕೊಳ್ಳುತ್ತಿದ್ದವು. ಸ್ಟ್ಯಾಕ್‌ಗೆ ಪುಟ್ಟ ಮಗನಿದ್ದ. ಹಾಗಾಗಿ ಆ ಕೊಡುಕೊಳ್ಳುವಿಕೆಯಲ್ಲಿ ಅವರೂ ಸೇರಿದರು. ಪಟ್ಟಿ ಮಾಡುತ್ತಾ ಹೊರಗೆ ಕೂತಿದ್ದರೆ ಅದು ಹೇಗೆ ನಡೆಯುತ್ತದೆ ಅಂತ ಅಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ.

## ಮುಚ್ಚುವ ಬಾಗಿಲುಗಳೂ ಇವೆ

ಇಷ್ಟು ಓದಿ ಮಗು ಅಂದರೆ ಪ್ರವೇಶ ಪತ್ರ ಅಂತ ತೀರ್ಮಾನಿಸಿದರೆ ಕಷ್ಟ.

ಮೊದಲ ಪೆಟ್ಟು ಬೀಳುವುದು ಸಮಯಕ್ಕೆ. ಫೀಲ್ಡ್‌ವರ್ಕ್‌ನ ಒಳ್ಳೆಯ ಮಾತುಗಳೆಲ್ಲ ಹೊತ್ತಲ್ಲದ ಹೊತ್ತಿನಲ್ಲಿ ನಡೆಯುತ್ತವೆ. ರಾತ್ರಿಯ ಆಚರಣೆ, ಬೆಳಗಿನ ಜಾವದ ಮೀನುಗಾರಿಕೆ, ಹರಟೆ ಕಟ್ಟೆಯ ಕೊನೆಯ ಗಂಟೆ. ಮಗುವಿಗೆ ಊಟ, ನಿದ್ದೆ, ಜ್ವರ ಎಲ್ಲ ಇದ್ದೇ ಇರುತ್ತದೆ. ರಾತ್ರಿ ಟಿಪ್ಪಣಿ ಬರೆಯದೆ ಮಲಗಿದರೆ ಅರ್ಧ ಮರೆತುಹೋಗುತ್ತದೆ. ಆ ಹೊತ್ತಿಗೇ ಮನೆಯವರಿಗೆ ನೀವು ಬೇಕಾಗಿರುತ್ತೀರಿ.

ಎರಡನೆಯದು ಮನೆಯೇ ಒಂದು ಗೂಡಾಗಿಬಿಡುವುದು. ಒಂಟಿಯಾಗಿದ್ದವರು ಮಾತಿಗಾಗಿಯಾದರೂ ಹೊರಗೆ ಹೋಗುತ್ತಾರೆ, ಬೇಗ ಭಾಷೆ ಕಲಿಯುತ್ತಾರೆ. ಮನೆಯಲ್ಲಿ ತಮ್ಮದೇ ಭಾಷೆ, ತಮ್ಮದೇ ಅಡುಗೆ ಇದ್ದರೆ ಬಾಗಿಲು ಹಾಕಿಕೊಂಡು ಕೂರುವ ಆಸೆ ಜಾಸ್ತಿ.

ಗೌರವದ ಗೃಹಸ್ಥ ಅನ್ನುವ ಹೆಸರು ಬಂದ ಮೇಲೆ ಕೆಲವು ಕಡೆ ಹೋಗುವುದೂ ಕಷ್ಟ. ಕುಡಿತದ ಅಂಗಡಿ, ಜೂಜು, ಕಾನೂನಿನ ಆಚೆಗಿನ ವ್ಯಾಪಾರ, ಅಧಿಕಾರದಲ್ಲಿರುವವರ ವಿರೋಧಿ ಗುಂಪು ಇವುಗಳ ಬಗ್ಗೆ ಸಂಶೋಧನೆ ಮಾಡುವವರು ಮಕ್ಕಳನ್ನು ಕರೆದುಕೊಂಡು ಹೋಗದಿರುವುದೇ ಮೇಲು. ಅಲ್ಲಿ ಅಪಾಯ ಮಕ್ಕಳಿಗೂ ತಗಲುತ್ತದೆ. ಮಕ್ಕಳಿದ್ದಾರೆ ಅನ್ನುವುದನ್ನು ನಿಮ್ಮನ್ನು ಹೆದರಿಸಲು ಬಳಸುವವರೂ ಇರಬಹುದು.

ಇನ್ನೊಂದು, ಕಡಿಮೆ ಮಾತಾಡುವ ವಿಷಯ: ಮನೆಗೆಲಸದವರು. ಕುಟುಂಬ ಬಂತು ಅಂದರೆ ಅಡುಗೆಗೋ ಮಗು ನೋಡಿಕೊಳ್ಳಲೋ ಊರಿನ ಒಬ್ಬರನ್ನು ಇಟ್ಟುಕೊಳ್ಳುವುದು ಸಾಮಾನ್ಯ. ಅವರೇ ಆಮೇಲೆ ಭಾಷೆ ಕಲಿಸುವವರು, ಊರಿನ ಸುದ್ದಿ ಹೇಳುವವರು, ಅಂದರೆ ಮಾಹಿತಿದಾರರು. ಸಂಬಳ ಕೊಡುವವರ ಪ್ರಶ್ನೆಗೆ ಅವರು ಬೇಡ ಅನ್ನಲು ಆಗುತ್ತದಾ? ಅವರು ಯಾವ ಗುಂಪಿನವರು, ಯಾರ ಕಡೆಯವರು ಅನ್ನುವುದರ ಮೇಲೆ ಉಳಿದವರು ನಿಮ್ಮನ್ನು ಅಳೆಯುತ್ತಾರೆ. ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಇದನ್ನು ಬರೆಯುವವರು ಕಡಿಮೆ, ಬರೆಯಬೇಕಾದದ್ದು ಇದನ್ನೇ.

## ಮಕ್ಕಳಿಗೆ ಅಲ್ಲಿ ಹೇಗಿರುತ್ತದೆ?

ಬೇರೆ ಸಂಸ್ಕೃತಿಯ ನಡುವೆ ಹೋಗಿ ಬಿದ್ದಾಗ ಆಗುವ ಗೊಂದಲ, ಸಿಟ್ಟು, ಊರಿನ ಹಂಬಲಕ್ಕೆ ಕಲ್ಚರ್ ಶಾಕ್ ಅನ್ನುತ್ತಾರೆ. ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1950ರ ದಶಕದಲ್ಲಿ ಈ ಮಾತನ್ನು ಪ್ರಚಾರಕ್ಕೆ ತಂದರು. ಅವರ ವಿವರಣೆ ಸರಳ. ದಿನನಿತ್ಯದ ಸಾವಿರ ಸಣ್ಣ ಸೂಚನೆಗಳು ನಮ್ಮನ್ನು ನಡೆಸುತ್ತಿರುತ್ತವೆ: ಯಾವಾಗ ಕೈಕುಲುಕಬೇಕು, ಯಾವ ಮಾತು ತಮಾಷೆ, ಯಾವ ಮಾತು ಬೈಗುಳ. ಅವೆಲ್ಲ ಒಮ್ಮೆಲೇ ಇಲ್ಲದಾದಾಗ ಆತಂಕವಾಗುತ್ತದೆ. ಮೊದಲ ಕೆಲವು ವಾರ ಎಲ್ಲ ಚಂದ ಕಾಣುತ್ತದೆ, ಆಮೇಲೆ ಕುಸಿತ, ನಿಧಾನಕ್ಕೆ ಚೇತರಿಕೆ. ಎಲ್ಲರಿಗೂ ಇದೇ ಕ್ರಮದಲ್ಲಿ ಆಗುತ್ತದೆ ಅಂತೇನಿಲ್ಲ.

ಸಂಶೋಧಕರಿಗೆ ಈ ಗೊಂದಲವೇ ಕಚ್ಚಾ ಸಾಮಗ್ರಿ. ಅದನ್ನು ಟಿಪ್ಪಣಿ ಮಾಡಿಕೊಂಡು ಮುಂದೆ ಹೋಗುತ್ತಾರೆ. ಮಗುವಿಗೆ ಆ ಲಾಭ ಇಲ್ಲ. ಅದು ತಾನಾಗಿ ಆರಿಸಿ ಬಂದದ್ದೂ ಅಲ್ಲ.

ಮಕ್ಕಳು ಭಾಷೆಯನ್ನು ಆಟದಲ್ಲೇ ಕಲಿತುಬಿಡುತ್ತಾರೆ ಅನ್ನುವ ಮಾತು ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ನೆದರ್‌ಲ್ಯಾಂಡ್ಸ್‌ಗೆ ಬಂದು ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಮಾತಿನವರ ಮೇಲೆ ನಡೆದ, 1978ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪ್ರಸಿದ್ಧವಾಗಿದೆ. ಮೊದಲ ತಿಂಗಳುಗಳಲ್ಲಿ ಬೇಗ ಮುಂದೆ ಹೋದವರು 12ರಿಂದ 15 ವರ್ಷದವರು ಮತ್ತು ದೊಡ್ಡವರು. 3ರಿಂದ 5 ವರ್ಷದ ಮಕ್ಕಳು ಎಲ್ಲರಿಗಿಂತ ಹಿಂದೆ ಇದ್ದರು. ಉಚ್ಚಾರಣೆ, ಸರಾಗತನದಲ್ಲಿ ಚಿಕ್ಕವರ ಲಾಭ ಕಾಣುವುದು ವರ್ಷಗಳು ಕಳೆದಂತೆ. ಆದ್ದರಿಂದ ಶಾಲೆಗೆ ಹಾಕಿದ ಮಗು ಮೊದಲ ಕೆಲವು ತಿಂಗಳು ಬಾಯಿಯೇ ಬಿಡದಿದ್ದರೆ ಗಾಬರಿಪಡಬೇಕಿಲ್ಲ.

ವಯಸ್ಸಿನ ಪ್ರಕಾರ ಕಷ್ಟ ಬದಲಾಗುತ್ತದೆ. ಹಸುಗೂಸಿಗೆ ಅಪ್ಪ ಅಮ್ಮ ಇದ್ದರೆ ಸಾಕು, ಕಾಯಿಲೆಯ ಭಯ ಮಾತ್ರ ಜಾಸ್ತಿ. ಆರರಿಂದ ಹತ್ತು ವರ್ಷದವರು ಗೆಳೆಯರನ್ನು ಹುಡುಕಿಕೊಳ್ಳುತ್ತಾರೆ. ಹದಿಹರೆಯದವರನ್ನು ಗೆಳೆಯರಿಂದ ಕಿತ್ತು ತಂದರೆ ಮನೆಯಲ್ಲಿ ಒಂದು ವರ್ಷ ಯುದ್ಧವೇ ನಡೆಯಬಹುದು. ಮುಂದಿನ ಪರೀಕ್ಷೆಗಳ ಚಿಂತೆಯೂ ಇರುತ್ತದೆ. ಊರಿನ ಶಾಲೆ, ದೂರದ ನಗರದ ಅಂತರರಾಷ್ಟ್ರೀಯ ಶಾಲೆ, ಮನೆಪಾಠ ಇವು ಮೂರೇ ದಾರಿ. ಊರಿನ ಶಾಲೆಗೆ ಸೇರಿಸಿದರೆ ಸಂಶೋಧನೆಗೆ ಒಳ್ಳೆಯದು, ಮಗು ಅಲ್ಲಿನ ಬದುಕಿಗೆ ಸೇರುತ್ತದೆ. ಆದರೆ ಅಲ್ಲಿ ಹೊಡೆಯುವ ಪದ್ಧತಿ ಇದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಬೇಕು. ಮಗು ಪೆಟ್ಟು ತಿಂದು ಬಂದ ದಿನ ಸಂಶೋಧಕರ ತಟಸ್ಥತೆ ಉಳಿಯುವುದು ಕಷ್ಟ.

ಹೀಗೆ ಬೇರೆ ದೇಶದಲ್ಲಿ ಬೆಳೆದ ಮಕ್ಕಳನ್ನು ಥರ್ಡ್ ಕಲ್ಚರ್ ಕಿಡ್ಸ್ ಅಂತ ಕರೆಯುವುದನ್ನು ಕೇಳಿರಬಹುದು. ಅಪ್ಪ ಅಮ್ಮನ ಸಂಸ್ಕೃತಿ ಒಂದು, ಇರುವ ದೇಶದ್ದು ಎರಡು, ಇವುಗಳ ನಡುವೆ ಮಕ್ಕಳು ಕಟ್ಟಿಕೊಳ್ಳುವುದು ಮೂರನೆಯದು. ಈ ಹೆಸರು ಕೊಟ್ಟವರು ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್. 1950ರ ದಶಕದಲ್ಲಿ ಅವರು ಗಂಡ ಮತ್ತು ಮೂವರು ಗಂಡುಮಕ್ಕಳ ಜೊತೆ ಭಾರತಕ್ಕೆ ಸಂಶೋಧನೆಗೆ ಬಂದಿದ್ದರು. ಈ ಪರಿಕಲ್ಪನೆ ಹುಟ್ಟಿದ್ದೇ ಹಾಗೆ. ಇಂಥ ಮಕ್ಕಳಿಗೆ ಹೊರಡುವುದಕ್ಕಿಂತ ಮರಳುವುದು ಜಾಸ್ತಿ ಕಷ್ಟವಾಗಬಹುದು. ಹೋಗುವಾಗ ಎಲ್ಲರೂ ತಯಾರಿ ಮಾಡುತ್ತಾರೆ, ವಾಪಸಾಗುವಾಗ ಯಾರೂ ಮಾಡುವುದಿಲ್ಲ.

## ಆರೋಗ್ಯ: ಹಾವಿಗಿಂತ ರಸ್ತೆಯ ಭಯ ಜಾಸ್ತಿ ಇರಲಿ

ಹೊರಡುವವರ ತಲೆಯಲ್ಲಿ ಇರುವುದು ಹಾವು, ಚೇಳು, ಹೆಸರು ಕೇಳದ ಜ್ವರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ದೊಡ್ಡ ಕಾರಣ ರಸ್ತೆ ಅಪಘಾತ. ಸೀಟ್ ಬೆಲ್ಟ್ ಇಲ್ಲದ ಗಾಡಿ, ಹೆಲ್ಮೆಟ್ ಇಲ್ಲದ ಬೈಕ್, ರಾತ್ರಿಯ ಬಸ್ಸು ಇವುಗಳನ್ನು ತಪ್ಪಿಸುವುದೇ ಮೊದಲ ಮದ್ದು.

ಮಲೇರಿಯಾ ಇರುವ ಕಡೆ 5 ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಅಪಾಯ ಜಾಸ್ತಿ. ತಡೆಗಟ್ಟುವ ಮಾತ್ರೆಯ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿದೆ. ದೊಡ್ಡವರಿಗೆ ಕೊಡುವ ಎಲ್ಲ ಮಾತ್ರೆ ಮಕ್ಕಳಿಗೆ ಆಗುವುದಿಲ್ಲ. ಹಳದಿ ಜ್ವರದ ಲಸಿಕೆಯನ್ನು ಸಾಮಾನ್ಯವಾಗಿ 9 ತಿಂಗಳು ತುಂಬುವ ಮೊದಲು ಕೊಡುವುದಿಲ್ಲ. ಅದರ ಪ್ರಮಾಣಪತ್ರ ಲಸಿಕೆ ಹಾಕಿಸಿದ 10 ದಿನದ ನಂತರ ಊರ್ಜಿತವಾಗುತ್ತದೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ರೇಬಿಸ್ ಇರುವ ಕಡೆ ಮಕ್ಕಳ ಬಗ್ಗೆ ವಿಶೇಷ ಎಚ್ಚರ ಬೇಕು. ಅವರು ನಾಯಿಮರಿ ಮುಟ್ಟದೆ ಇರುವುದಿಲ್ಲ, ಕಚ್ಚಿದರೂ ಬೈಯುತ್ತಾರೆ ಅಂತ ಹೇಳದೆ ಇರಬಹುದು. ಇವೆಲ್ಲದರ ಬಗ್ಗೆ ಪ್ರಯಾಣ ಆರೋಗ್ಯದ ವೈದ್ಯರನ್ನು ಹೊರಡುವ ಕೆಲವು ತಿಂಗಳು ಮೊದಲೇ ನೋಡಬೇಕು, ಯಾಕೆಂದರೆ ಕೆಲವು ಲಸಿಕೆಗಳನ್ನು ಒಂದಕ್ಕಿಂತ ಹೆಚ್ಚು ಸಲ ಕೊಡಬೇಕಾಗುತ್ತದೆ.

ಅಪಾಯ ದೊಡ್ಡವರಿಗೂ ಇದೆ. ಮಾನವಶಾಸ್ತ್ರಜ್ಞೆ ಮಿಶೆಲ್ ರೊಸಾಲ್ಡೊ 1981ರಲ್ಲಿ ಫಿಲಿಪೀನ್ಸ್‌ನ ಇಫುಗಾವೊ ಪ್ರದೇಶದ ಗುಡ್ಡದ ದಾರಿಯಲ್ಲಿ ಕಾಲು ಜಾರಿ ಬಿದ್ದು ತೀರಿಕೊಂಡರು. ಗಂಡ ರೆನಾಟೊ ಅವರೂ ಮಾನವಶಾಸ್ತ್ರಜ್ಞರೇ. ಇಬ್ಬರು ಪುಟ್ಟ ಗಂಡುಮಕ್ಕಳೂ ಆಗ ಕ್ಷೇತ್ರದಲ್ಲಿದ್ದರು. ಪ್ರೀತಿಯವರ ಸಾವಿನ ದುಃಖದಲ್ಲಿ ಸಿಟ್ಟೂ ಇರುತ್ತದೆ ಅಂತ ತಾನು ಅಧ್ಯಯನ ಮಾಡಿದ್ದ ಫಿಲಿಪೀನ್ಸ್‌ನ ಇಲೊಂಗೊಟ್ ಜನ ಹಿಂದೆ ಹೇಳಿದ್ದು ತನಗೆ ನಿಜವಾಗಿ ಅರ್ಥವಾದದ್ದು ಈ ಸಾವಿನ ನಂತರ ಅಂತ ರೆನಾಟೊ ಬರೆದರು. ಇಂಥ ದಿನಕ್ಕೆ ಯಾವ ತಯಾರಿಯೂ ಸಾಲದು. ಆದರೂ ತುರ್ತಾಗಿ ಬೇರೆ ಕಡೆಗೆ ಸಾಗಿಸುವ ವೆಚ್ಚವನ್ನು ವಿಮೆ ಭರಿಸುತ್ತದಾ, ಒಬ್ಬರಿಗೆ ಏನಾದರೂ ಆದರೆ ಮಕ್ಕಳ ಜವಾಬ್ದಾರಿ ಯಾರದು, ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಬರೆದಿಟ್ಟು ಹೋಗಬಹುದು.

## ಪರ್ಮಿಟ್, ವೀಸಾ, ದುಡ್ಡು, ಸಂಗಾತಿ

ಅನೇಕ ದೇಶಗಳಲ್ಲಿ ಪ್ರವಾಸಿ ವೀಸಾದ ಮೇಲೆ ಸಂಶೋಧನೆ ಮಾಡುವ ಹಾಗಿಲ್ಲ. ಕೀನ್ಯಾದಲ್ಲಿ ನ್ಯಾಕೋಸ್ಟಿ ಅನ್ನುವ ರಾಷ್ಟ್ರೀಯ ಆಯೋಗ, ತಾಂಜಾನಿಯಾದಲ್ಲಿ ಕಾಸ್ಟೆಕ್, ಇಂಡೊನೇಷ್ಯಾದಲ್ಲಿ ಬ್ರಿನ್ ಸಂಶೋಧನಾ ಅನುಮತಿ ಕೊಡುತ್ತವೆ. ಈ ಅನುಮತಿ ಸಂಶೋಧಕರಿಗೆ. ಮನೆಯವರಿಗೆ ಅವಲಂಬಿತರ ವೀಸಾ ಬೇರೆ ಬೇಕಾಗುತ್ತದೆ. ಅಪ್ಪ ಅಥವಾ ಅಮ್ಮ ಒಬ್ಬರೇ ಮಗುವನ್ನು ಕರೆದುಕೊಂಡು ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಕೈಯಲ್ಲಿರಬೇಕು. ಗಡಿಯಲ್ಲಿ ಅದನ್ನು ಕೇಳಬಹುದು. ಒಬ್ಬರ ಒಪ್ಪಿಗೆಯಿಲ್ಲದೆ ಮಗುವನ್ನು ದೇಶದಾಚೆ ಕರೆದೊಯ್ಯುವುದನ್ನು ತಡೆಯಲು 1980ರ ಹೇಗ್ ಒಪ್ಪಂದವೇ ಇದೆ.

ಸಂಗಾತಿ ಅಲ್ಲಿ ಕೆಲಸ ಮಾಡಬಹುದಾ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಉದಾಹರಣೆಗೆ ವಿನಿಮಯ ಕಾರ್ಯಕ್ರಮದವರಿಗೆ ಕೊಡುವ ಜೆ-1 ವೀಸಾದಲ್ಲಿ ಅಮೆರಿಕಕ್ಕೆ ಹೋದವರ ಸಂಗಾತಿಗೆ ಜೆ-2 ವೀಸಾ. ಅವರು ಅರ್ಜಿ ಹಾಕಿ ಅನುಮತಿ ಪಡೆದರೆ ಕೆಲಸ ಮಾಡಬಹುದು, ಮಕ್ಕಳು ಶಾಲೆಗೆ ಹೋಗಬಹುದು. ಆದರೆ ಆ ದುಡಿಮೆ ಜೆ-1 ಇರುವವರ ಖರ್ಚು ನಡೆಸಲು ಅಲ್ಲ ಅಂತ ನಿಯಮ ಹೇಳುತ್ತದೆ. ಹಣದ ವಿಷಯದಲ್ಲಿ ಫುಲ್‌ಬ್ರೈಟ್‌ನ ಕೆಲವು ಫೆಲೋಶಿಪ್‌ಗಳು ಕುಟುಂಬಕ್ಕೂ ಭತ್ಯೆ ಕೊಡುತ್ತವೆ. ಅನೇಕ ಅನುದಾನಗಳಲ್ಲಿ ಮಗು ನೋಡಿಕೊಳ್ಳುವ ಖರ್ಚಿಗೆ ಜಾಗವೇ ಇಲ್ಲ. ಕ್ಯಾಮೆರಾಕ್ಕೆ ದುಡ್ಡು ಕೇಳಬಹುದು, ಆಯಾಗೆ ಕೇಳುವ ಹಾಗಿಲ್ಲ! ಇದರ ಭಾರ ಹೆಚ್ಚಾಗಿ ಬೀಳುವುದು ಹೆಂಗಸರ ಮೇಲೆ.

ಇನ್ನು ಸಂಗಾತಿಯ ದಿನ ಹೇಗೆ ಕಳೆಯುತ್ತದೆ ಅನ್ನುವುದು. ಸಂಶೋಧಕರಿಗೆ ಬೆಳಿಗ್ಗೆ ಎದ್ದರೆ ಕೆಲಸವಿದೆ, ಗುರಿಯಿದೆ. ಸಂಗಾತಿಗೆ ನೀರು, ಸೌದೆ, ಮಕ್ಕಳು, ಗೊತ್ತಿಲ್ಲದ ಭಾಷೆ. ಹೊರಡುವ ಮೊದಲೇ ಇಬ್ಬರೂ ಕೂತು ಯಾರು ಯಾವ ಹೊತ್ತು ಮಕ್ಕಳ ಜೊತೆ, ಸಂಗಾತಿಗೆ ತನ್ನದೇ ಕೆಲಸ ಏನು ಅಂತ ಮಾತಾಡಿಕೊಂಡಿದ್ದರೆ ಅರ್ಧ ಜಗಳ ತಪ್ಪುತ್ತದೆ. ಸಂಶೋಧನೆಗೇ ಕೈಜೋಡಿಸಿದರೆ ಪುಸ್ತಕದಲ್ಲಿ ಹೆಸರು ಎಲ್ಲಿ ಬರುತ್ತದೆ ಅನ್ನುವುದೂ ಆಗಲೇ ತೀರ್ಮಾನವಾಗಲಿ.

## ಯಾರ ಒಪ್ಪಿಗೆ ಬೇಕು?

ಜನರ ಮೇಲೆ ಸಂಶೋಧನೆ ಮಾಡುವ ಮುಂಚೆ ವಿಶ್ವವಿದ್ಯಾಲಯದ ನೈತಿಕ ಸಮಿತಿ ಯೋಜನೆಯನ್ನು ಪರಿಶೀಲಿಸುತ್ತದೆ. ಮಾಹಿತಿ ಕೊಡುವವರಿಗೆ ಎಲ್ಲ ತಿಳಿಸಿ ಒಪ್ಪಿಗೆ ಪಡೆಯಬೇಕು, ಅವರ ಗುರುತು ಕಾಪಾಡಬೇಕು ಅನ್ನುವುದು ಮೂಲ ನಿಯಮ. ಮನೆಮಂದಿ ಬಂದಾಗ ಇದು ಸಡಿಲವಾಗುತ್ತದೆ. ನಿಮ್ಮ ಮಗಳ ಗೆಳತಿ ನಿಮ್ಮ ಮನೆಯಲ್ಲಿ ಆಟವಾಡುತ್ತಾ ಅಪ್ಪ ಅಮ್ಮನ ಜಗಳದ ಬಗ್ಗೆ ಹೇಳುತ್ತಾಳೆ. ಅದು ಮಾಹಿತಿಯಾ? ಆ ಹುಡುಗಿ ಸಂಶೋಧಕರಿಗೆ ಹೇಳಲಿಲ್ಲ, ಗೆಳತಿಯ ಮನೆಯಲ್ಲಿ ಹೇಳಿದಳು. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯೂ ಬೇಕು. ಹೆಚ್ಚಿನ ಸಂಶೋಧಕರು ಇಂಥದ್ದನ್ನು ಬರೆಯದೆ ಬಿಡುತ್ತಾರೆ, ಬಿಡಬೇಕಾದದ್ದೂ ಸರಿ. ಊಟದ ಹೊತ್ತಿನಲ್ಲಿ ಮನೆಯವರ ಕಿವಿಗೆ ಬಿದ್ದ ಮಾಹಿತಿದಾರರ ಗುಟ್ಟು ಮಗುವಿನ ಬಾಯಿಂದ ಊರಿಗೆ ಹೋಗುವ ಅಪಾಯವೂ ಅಷ್ಟೇ ಇದೆ.

ಊರಿನ ಗುರುತು ಮರೆಮಾಡುವುದು ಎಷ್ಟು ಕಷ್ಟ ಅನ್ನುವುದಕ್ಕೆ ಮಾನವಶಾಸ್ತ್ರಜ್ಞೆ ನ್ಯಾನ್ಸಿ ಶೆಪರ್-ಹ್ಯೂಸ್ ಅವರ ಅನುಭವ ಸಾಕು. 1974ರಲ್ಲಿ ಅವರು ಗಂಡ ಮತ್ತು ಮೂವರು ಪುಟ್ಟ ಮಕ್ಕಳ ಜೊತೆ ಐರ್ಲೆಂಡ್‌ನ ಹಳ್ಳಿಯೊಂದರಲ್ಲಿ ನೆಲೆಸಿದರು. 1979ರಲ್ಲಿ ಬಂದ ಪುಸ್ತಕದಲ್ಲಿ ಹಳ್ಳಿಗೆ ಬೇರೆ ಹೆಸರಿಟ್ಟರೂ ಅದು ಯಾವುದು ಅಂತ ಪತ್ತೆಯಾಯಿತು. ಮಾನಸಿಕ ಕಾಯಿಲೆಯ ಬಗ್ಗೆ ಬರೆದದ್ದಕ್ಕೆ ಜನ ನೊಂದುಕೊಂಡರು. ಸುಮಾರು ಎರಡು ದಶಕದ ನಂತರ ಅವರು ಮತ್ತೆ ಹೋದಾಗ ಊರು ಬಿಟ್ಟು ಹೋಗಿ ಅಂದರು. ಮಕ್ಕಳನ್ನು ಎತ್ತಿ ಆಡಿಸಿದ ಜನರ ಬಗ್ಗೆ ಬರೆಯುವಾಗ ನೋವಿನ ಲೆಕ್ಕವೇ ಬೇರೆ.

ನಿಮ್ಮ ಸ್ವಂತ ಮಗುವಿನ ಒಪ್ಪಿಗೆಯ ಮಾತೂ ಇದೆ. ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಅದರ ಅಭಿಪ್ರಾಯ ಕೇಳಬೇಕು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಹೊರಡುವ ಮುಂಚೆ ಕೇಳುವುದು ಒಂದು. ಅದರ ಫೋಟೊ, ಅಳು, ತಪ್ಪುಗಳನ್ನು ಪುಸ್ತಕಕ್ಕೆ ಹಾಕುವ ಮುಂಚೆ ಕೇಳುವುದು ಇನ್ನೊಂದು.

## ವರ್ಷಪೂರ್ತಿ ಇರಲು ಆಗದಿದ್ದರೆ

ಎಲ್ಲರಿಗೂ ಮನೆಮಂದಿಯನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ, ಬಿಟ್ಟು ಹೋಗಲೂ ಆಗುವುದಿಲ್ಲ. ವಯಸ್ಸಾದ ತಂದೆತಾಯಿ ಇರುತ್ತಾರೆ. ಸಂಗಾತಿಯ ಕೆಲಸ ಬಿಡಲು ಬರುವುದಿಲ್ಲ. ಕೆಲವರು ಮೊದಲ ಎರಡು ತಿಂಗಳು ಒಬ್ಬರೇ ಹೋಗಿ ಮನೆ, ಶಾಲೆ, ಆಸ್ಪತ್ರೆ ಎಲ್ಲ ನೋಡಿಕೊಂಡು ಆಮೇಲೆ ಕುಟುಂಬವನ್ನು ಕರೆಸಿಕೊಳ್ಳುತ್ತಾರೆ. ಕೆಲವರು ಶಾಲೆಯ ರಜೆಯಲ್ಲಿ ಮಾತ್ರ ಕರೆದೊಯ್ಯುತ್ತಾರೆ.

2020ರಲ್ಲಿ ಗೊಕ್ಚೆ ಗುನೆಲ್, ಸಾಯಿಬಾ ವರ್ಮಾ ಮತ್ತು ಚಿಕಾ ವಟನಾಬೆ ಎಂಬ ಮೂವರು ಮಾನವಶಾಸ್ತ್ರಜ್ಞೆಯರು ಈ ಬಗೆಯ ತುಂಡು ತುಂಡು ಕೆಲಸಕ್ಕೆ ಪ್ಯಾಚ್‌ವರ್ಕ್ ಎಥ್ನಾಗ್ರಫಿ ಅಂತ ಹೆಸರು ಕೊಟ್ಟರು. ಎಥ್ನಾಗ್ರಫಿ ಅಂದರೆ ಜನರ ಜೊತೆಗಿದ್ದು ಅವರ ಬದುಕನ್ನು ನೋಡಿ ಬರೆಯುವುದು. ಚಿಕ್ಕ ಚಿಕ್ಕ ಭೇಟಿಗಳು, ನಡುವೆ ಫೋನು, ಆನ್‌ಲೈನ್ ಮಾತುಕತೆ. ಸಂಬಂಧ ಮಾತ್ರ ದೀರ್ಘಕಾಲದ್ದು. ಹಾಗಂತ ಬೇಗ ಹೋಗಿ ಸಂದರ್ಶನ ಮಾಡಿ ಓಡಿ ಬರುವುದನ್ನು ಅವರು ಸಮರ್ಥಿಸುವುದಿಲ್ಲ. ಭಾಷೆಯೂ ಗೊತ್ತಿರಬೇಕು, ಸ್ಥಳದ ಅರಿವೂ ಆಳವಾಗಿರಬೇಕು. ಮನೆ ಮತ್ತು ಕ್ಷೇತ್ರ ಅನ್ನುವ ಗೆರೆ ಎಷ್ಟು ಗಟ್ಟಿ ಅಂತಲೂ ಅವರು ಪ್ರಶ್ನಿಸುತ್ತಾರೆ.

ಇದರಿಂದ ಎಲ್ಲವೂ ಸಿಗುತ್ತದೆ ಅಂತಲ್ಲ. ಮಳೆಗಾಲದ ಹಸಿವು, ಸುಗ್ಗಿಯ ಸಾಲ ತೀರಿಸುವಿಕೆ, ಯಾರೂ ನೆನೆಸದ ದಿನ ಆಗುವ ಸಾವು ಇವೆಲ್ಲ ರಜೆ ನೋಡಿಕೊಂಡು ಬರುವುದಿಲ್ಲ. ಅವು ಮುಖ್ಯವಾದ ಸಂಶೋಧನೆಯಲ್ಲಿ ತುಂಡು ಭೇಟಿಗಳು ಸಾಲವು. ಒಂದು ಮಾರುಕಟ್ಟೆಯೋ, ಒಂದು ಕಚೇರಿಯೋ, ವಲಸೆ ಹೋದವರ ಒಂದು ಜಾಲವೋ ವಿಷಯವಾದರೆ ಸಾಲಬಹುದು. ಯಾವ ತಿಂಗಳು ಅಲ್ಲಿ ಇರಲೇಬೇಕು ಅಂತ ಮೊದಲು ಗುರುತಿಸಿಕೊಂಡು, ಮನೆಯವರ ಕ್ಯಾಲೆಂಡರ್ ಅನ್ನು ಅದರ ಪಕ್ಕದಲ್ಲಿಟ್ಟು ಯೋಜನೆ ಬರೆದರೆ ಅನುದಾನ ಕೊಡುವವರ ಪ್ರಶ್ನೆಗೂ ಉತ್ತರ ಸಿಗುತ್ತದೆ.